ಐರ್ಲೆಂಡಿನವರಿಗೆ ತೋರಿಸಿದ ಮೊಣಕಾಲು

ಐರ್ಲೆಂಡಿನ ಆಸ್ಪತ್ರೆಯೊಂದು ನನ್ನನ್ನು ವಿಡಿಯೋ ಸಂದರ್ಶನಕ್ಕೆ ಕರೆದಾಗ ನನಗೆ ಎಳ್ಳಷ್ಟೂ ಅಳುಕಿರಲಿಲ್ಲ. ಮಿರಜದ ದವಾಖಾನೆಯಲ್ಲಿ ಫಿಜಿಯೋಥೆರಪಿಸ್ಟ್ ಆಗಿ ಅಥಣಿ, ರಾಯಬಾಗದ ಕಡೆಯಿಂದ ಬರುವ ಎಷ್ಟು ಮೊಣಕಾಲುಗಳನ್ನು ಮಡಚಿಸಿಲ್ಲ! ಐರ್ಲೆಂಡಿನ ಮೊಣಕಾಲೂ ಹಿಂದಕ್ಕೇ ತಾನೆ ಮಡಚುವುದು?

ಅವರದೊಂದೇ ಷರತ್ತು. ಕ್ಯಾಮರಾದ ಮುಂದೆ ಯಾರನ್ನಾದರೂ ರೋಗಿಯಂತೆ ಮಲಗಿಸಿ, ಹೇಗೆ ತಪಾಸಣೆ ಮಾಡುತ್ತೇನೆಂದು ತೋರಿಸಬೇಕು. ಸಾಂಗಲಿ ಪೇಟೆಯಲ್ಲಿ ಅರಿಶಿನದ ವ್ಯಾಪಾರ ಮಾಡುವ ನನ್ನ ಯಜಮಾನರನ್ನು ಕೇಳಿದೆ.

"ನಾ ಇಲ್ಲಿ ಮಲ್ಕೊಂಡ್ರ ಅಂಗಡಿ ಯಾರು ನೋಡ್ತಾರ? ಅವ್ವನ್ನ ಕೇಳು."

ಅತ್ತೆಯವರ ಮೊಣಕಾಲು ನಮ್ಮ ಓಣಿಯಲ್ಲೇ ಅತ್ಯಂತ ಗಟ್ಟಿಮುಟ್ಟಾದದ್ದು. ಆದರೂ ಸಂತೋಷದಿಂದ ಒಪ್ಪಿದರು.

"ಅತ್ತಿ, ಬಲಗಾಲು ಸ್ವಲ್ಪ ನೋಯ್ತೈತಿ ಅಂತ ತಿಳ್ಕೋರಿ. ಹೌದು ಅನ್ನಾಕ ಯೆಸ್, ಇಲ್ಲ ಅನ್ನಾಕ ನೋ. ಅಷ್ಟ ಸಾಕು."

"ನೀ ಕಾಳಜಿ ಮಾಡಬ್ಯಾಡವಾ. ನಾ ಎಲ್ಲಾ ನೋಡ್ಕೋತೀನಿ."

ಆಗಲೇ ನಾನು ಕಾಳಜಿ ಮಾಡಬೇಕಿತ್ತು!

ಸಂದರ್ಶನ ಆರಂಭವಾಯಿತು. ಲ್ಯಾಪ್‌ಟಾಪಿನಲ್ಲಿ ಒಬ್ಬ ಗಂಭೀರ ಸಾಹೇಬರು, ಒಬ್ಬ ಗಂಭೀರ ಮೇಡಂ. ನಾನು ಇಂಗ್ಲಿಷಿನಲ್ಲಿ, "ಇಲ್ಲಿ ನೋವೇ?" ಎಂದೆ. "ಯೆಸ್." "ಇಲ್ಲಿ?" "ಯೆಸ್." ಮೇಡಂಗೆ ಅತ್ತೆ ಮೆಚ್ಚುಗೆಯಾದರು. "ನಿಮ್ಮ ಥೆರಪಿಸ್ಟ್ ನಿಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತಾರಾ?" ಎಂದು ನಿಜವಾದ ರೋಗಿಯನ್ನು ಕೇಳುವಂತೆ ತಾವೇ ಕೇಳಿದರು.

"ನೋ!" ಎಂದರು ಅತ್ತೆ.

ನಾನು ಗಾಬರಿಯಿಂದ ನೋಡಿದರೆ, "ಎಷ್ಟು ಸಲ ಯೆಸ್ ಅನ್ನೋದವಾ? ನಡುವ ಒಂದು ನೋ ಬ್ಯಾಡೇನು?" ಎಂದು ಪಿಸುಗುಟ್ಟಿದರು.

ಮಾತು ಮರೆಸಲು ಅವಸರದಿಂದ ಮೊಣಕಾಲು ಮುಟ್ಟಿದೆ. ಬರೀ ಮುಟ್ಟಿದೆ, ಅಷ್ಟೆ!

"ಯವ್ವಾ! ಸತ್ತೆನವ್ವಾ!"

ಪಕ್ಕದ ಮನೆಯ ಮರಾಠಿ ಹೆಂಗಸು ಪಾಟೀಲ ಕಾಕೂ ಓಡಿಬಂದರು. "ಅಗ ಬಾಯಿ! ಕಾಯ್ ಝಾಲಂ?" ಎಂದು ಏನಾಯಿತೆಂದು ಕೇಳುತ್ತ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಣೆಗೆ ಬಾಮು ತಿಕ್ಕತೊಡಗಿದರು. ನೋವು ಮೊಣಕಾಲಿನದು ಎಂದು ಹೇಳಲು ಯಾರಿಗೂ ಪುರಸೊತ್ತಿರಲಿಲ್ಲ.

ಐರ್ಲೆಂಡಿನಲ್ಲಿ ಇಬ್ಬರೂ ಕುರ್ಚಿಯಿಂದ ಎದ್ದು ನಿಂತಿದ್ದರು. "ಆಂಬುಲೆನ್ಸ್ ಕರೆಸಿ!" ಎಂದರು ಸಾಹೇಬರು.

"ಬೇಡ ಸರ್. ಆಕೆಗೆ ಏನೂ ಆಗಿಲ್ಲ. ಸುಮ್ಮನೆ ನಾಟಕ!"

ಸಾಹೇಬರ ಮುಖ ಕಪ್ಪಿಟ್ಟಿತು. "ರೋಗಿಯಾಗಿ ಮಲಗಿದವರು ನಿಜವಾಗಿ ನೋವೆಂದು ಕೂಗಿದರೂ ನೀವು ನಾಟಕ ಅನ್ನುತ್ತೀರಾ?"

ಮುಗಿಯಿತು! ನನ್ನ ಎರಡು ವರ್ಷದ ತಯಾರಿ, ಇಂಗ್ಲಿಷ್ ಪರೀಕ್ಷೆ ಎಲ್ಲವೂ ಅತ್ತೆಯ ಬಲಗಾಲಿನ ಬುಡದಲ್ಲಿ ಮಣ್ಣಾಯಿತು. ಕಣ್ಣಲ್ಲಿ ನೀರು ಬಂತು.

ಅದನ್ನು ಕಂಡದ್ದೇ ತಡ, ಅತ್ತೆ ಕಾಕೂವಿನ ಕೈ ಕೊಡವಿ ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕ್ಯಾಮರಾದ ಮುಂದೆ ಬಸ್ಕಿ ಹೊಡೆಯತೊಡಗಿದರು. ಒಂದಲ್ಲ, ಎರಡಲ್ಲ!

"ನೋಡ್ರಿ ಸಾಹೇಬ್ರ, ನನಗ ಏನೂ ಆಗಿಲ್ಲ. ತಪ್ಪು ನಂದು. ನಮ್ಮ ಸೊಸಿ ಭಾಳ ಶ್ಯಾಣ್ಯಾಕಿ ಅದಾಳ!"

ನಾನು ತಲೆ ತಗ್ಗಿಸಿ ಅಷ್ಟನ್ನೂ ಇಂಗ್ಲಿಷಿಗೆ ತಿರುಗಿಸಿದೆ. ಈಕೆ ನನ್ನ ಅತ್ತೆ ಎಂದೂ ಹೇಳಿದೆ. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಕೊನೆಗೆ ಸಾಹೇಬರೂ ನಕ್ಕರು. ಮುಂದಿನ ವಾರ ಇನ್ನೊಮ್ಮೆ ಸಂದರ್ಶನ ಎಂದರು. ಈ ಸಲ ರೋಗಿ ಬೇಡ ಎಂದು ಒತ್ತಿ ಹೇಳಿದರು.

ರೋಗಿಯಿಲ್ಲದೆ ನಾನು ಉತ್ತಮವಾಗಿ ಚಿಕಿತ್ಸೆ ಮಾಡಿದೆ. ನೌಕರಿ ಸಿಕ್ಕಿತು!

ಪೇಢೆ ಹಿಡಿದು ಮೊದಲು ಕಾಕೂ ಮನೆಗೇ ಹೋದೆ. ಅವರು ಪೇಢೆ ಬಾಯಿಗಿಟ್ಟುಕೊಂಡು ತಮ್ಮ ಮೊಣಕಾಲು ಸವರಿಕೊಂಡರು.

"ನಿನ್ನ ಕಡೆ ಎಷ್ಟು ದಿವಸ ತೋರ್ಸಿದೆ, ಫರಕ್ ಬೀಳಲಿಲ್ಲ. ಆ ಗೋರ್ಯಾ ಸಾಹೇಬ ಡಾಕ್ಟರ್ ಬರೇ ಅಲ್ಲಿಂದ ನೋಡಿದ್ರು, ನಿಮ್ಮ ಅತ್ತಿ ಎದ್ದು ಬಸ್ಕಿ ಹೊಡದ್ರು! ಹೋಗು ಪೋರಿ, ಹೋಗು. ಅವ್ರ ಕಡೆ ನೀಟಾಗಿ ಕಲ್ತು ಬಾ."

ಹೂಂ ಎಂದು, ಪೇಢೆಯ ಡಬ್ಬಿ ಮುಚ್ಚಿಕೊಂಡು ಬಂದೆ.