ನಮ್ಮ ಕಾಕಾ ಸಾಕದ ಕೋಳಿಗಳು

ತನ್ನ ಕೋಳಿಮರಿಯನ್ನು ಹದ್ದು ಎತ್ತಿಕೊಂಡು ಹೋದರೆ ‘ಭಲೇ!’ ಎನ್ನುವ ಮನುಷ್ಯನನ್ನು ನೀವು ಕಂಡಿದ್ದೀರಾ? ಇಲ್ಲ ತಾನೆ? ನಾನು ಅಂಥವರ ಮನೆಯಲ್ಲೇ ಬೆಳೆದವನು. ನನ್ನ ಪುಕ್ಕಲುತನಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ನಮ್ಮ ಕಾಕಾ ಸಾಂಗ್ಲಿ ಪೇಟೆಯಲ್ಲಿ ಅರಿಷಿಣದ ವ್ಯಾಪಾರಿ. ಕೊರಳಲ್ಲಿ ಲಿಂಗ, ಸೋಮವಾರ ಮನೆಯೊಳಗೆ ಉಳ್ಳಾಗಡ್ಡಿಗೂ ಪ್ರವೇಶವಿಲ್ಲ. ಅಂಥವರು ಮಿರಜದ ದಾರಿಯ ಹೊಲದಲ್ಲಿ ಕೋಳಿ ಬಿಟ್ಟರು! ತಿನ್ನಲಿಕ್ಕಲ್ಲ, ಮಾರಲಿಕ್ಕಲ್ಲ. ಮಠದ ಅಯ್ಯನವರು ಕೆಂಡವಾದರು.

“ಶೆಟ್ರ, ಲಿಂಗವಂತರು ಕೋಳಿ ಸಾಕೂದಂದ್ರೇನ್ರಿ?”

“ನಾ ಎಲ್ಲಿ ಸಾಕೇನ್ರಿ ಅಯ್ಯನವರ? ಅವು ತಮ್ಮನ್ನ ತಾವ ಸಾಕ್ಕೊಂಡಾವ.”

ಸುಳ್ಳಲ್ಲ. ಗೂಡಿಲ್ಲ, ಕಾಳಿಲ್ಲ, ಕಾವಲಿಲ್ಲ. ಹುಣಸಿಮರದಲ್ಲಿ ವಾಸ, ತಿಪ್ಪೆಯಲ್ಲಿ ಊಟ. ಗಟ್ಟಿ ಇದ್ದವು ಉಳಿಯಬೇಕು, ಉಳಿದವು ಮರಿ ಮಾಡಬೇಕು, ಇದು ಕಾಕಾರ ಸಿದ್ಧಾಂತ. “ಅರಿಷಿಣಕ್ಕ ನಾವು ಚಾಳಣಿ ಹಿಡದು ಜೊಳ್ಳು ತಗೀತೇವಿಲ್ಲೋ? ಕೋಳಿಗೆ ಹದ್ದು, ನರಿ, ನಾಯಿ. ಎಲ್ಲಾ ಪುಕಟ ಹಮಾಲರು!”

ಒಮ್ಮೆ ಮನಸ್ಸು ತಡೆಯದೆ ನಾನು ಮರಿಗಳ ಮೇಲೆ ಬುಟ್ಟಿ ಬೋರಲು ಹಾಕಿದೆ. ಕಾಕಾ ಕಾಲಿನಿಂದ ಅದನ್ನು ಉರುಳಿಸಿದರು. “ಬುಟ್ಟಿ ಹಾಕ್ಕೋತ ಹೋದ್ರ ಮುಂದ ಎಲ್ಲಾವೂ ನಿನ್ನಂಥಾವ ಹುಟ್ತಾವ!” ಚೈತ್ರದ ಬಿಸಿಲಲ್ಲೂ ಸುತ್ತಿಕೊಂಡಿದ್ದ ಮಫ್ಲರನ್ನು ನಾನು ಇನ್ನಷ್ಟು ಬಿಗಿದುಕೊಂಡೆ.

ಪೇಟೆಯ ಮಡಿವಂತರೂ ಕಡಿಮೆಯೇನಲ್ಲ. ಹಗಲು ಕಾಕಾರನ್ನು ಬೈದವರೇ ಸಂಜೆ ಹೊಲಕ್ಕೆ ಬಂದು, “ಕೆಮ್ಮಿಗೆ ಔಷಧಕ್ಕಂತ, ಎರಡು ತತ್ತಿ…” ಎಂದು ಪಿಸುಗುಟ್ಟುತ್ತಿದ್ದರು. “ಹುಡುಕ್ಕೊಂಡು ಒಯ್ರಿ,” ಎನ್ನುತ್ತಿದ್ದರು ಕಾಕಾ. ಆ ಕೋಳಿಗಳು ತತ್ತಿ ಇಡುತ್ತಿದ್ದದ್ದು ಜಾಲಿಕಂಟಿಯ ನಟ್ಟನಡುವೆ. ಕೆಮ್ಮು ವಾಸಿಯಾಯಿತೋ ಇಲ್ಲವೋ, ಧೋತರ ಮಾತ್ರ ಹರಿಯಿತು.

ಸಂಸ್ಥಾನದ ಅಧಿಕಾರಿಯೊಬ್ಬರು ತಳಿ ಸುಧಾರಿಸಲೆಂದು ವಿಲಾಯತಿ ಬಿಳಿ ಹುಂಜ ಕಳಿಸಿದರು. ಏನು ಠೀವಿ! ಹೊತ್ತು ಮುಳುಗುತ್ತಲೇ ನಮ್ಮ ಮಣ್ಣುಬಣ್ಣದ ಕೋಳಿಗಳು ಭರ್ರನೆ ಮರ ಏರಿದವು. ಸಾಹೇಬ ಹುಂಜ ಮಾತ್ರ ಯಾರೋ ಏಣಿ ತರುತ್ತಾರೆಂದು ಬುಡದಲ್ಲೇ ಕಾಯುತ್ತ ನಿಂತಿತು. ಏಣಿ ಬರಲಿಲ್ಲ, ನರಿ ಬಂತು. ಅಧಿಕಾರಿ ವಿಚಾರಿಸಿದಾಗ ಕಾಕಾ ಕೈಮುಗಿದು, “ನಮ್ಮ ನರಿಗೆ ಭಾಳ ಪಸಂದ ಆತ್ರಿ ಸಾಹೇಬ್ರ,” ಎಂದರು. ಅಂದು ನಾನು ಪೊಲೀಸರು ಬರುತ್ತಾರೆಂದು ಊಟ ಬಿಟ್ಟೆ. ಕಾಕಾ ನನ್ನ ಪಾಲಿನದನ್ನೂ ಉಂಡರು.

ಆಮೇಲೊಂದು ಬೇಸಿಗೆಯಲ್ಲಿ ಕೋಳಿಗಳಿಗೆ ರೋಗ ಬಂತು. ಸುತ್ತಲಿನ ಹಳ್ಳಿಗಳಲ್ಲಿ ಗೂಡುಗೂಡೇ ಖಾಲಿ. ಪಕ್ಕದಂಗಡಿಯ ಬೆಲ್ಲದ ವ್ಯಾಪಾರಿ ಬಿಡುತ್ತಾನೆಯೇ? ಮರಾಠಿ ಬೆರೆಸಿ ಕೆಣಕಿದ: “ಕಾಯ್ ಅಣ್ಣಾ, ಈಗ ಏನಂತೈತಿ ನಿಮ್ಮ ಚಾಳಣಿ?”

“ನನ್ನ ಕೋಳಿ ಒಂದೂ ಉಳೀಲಿಲ್ಲಂದ್ರ, ಈ ಪೇಟ್ಯಾಗ ನಾ ಮತ್ತ ಬಾಯಿ ತಗ್ಯಾಂಗಿಲ್ಲ!”

ಆ ಬಾಯಿಯಿಂದ ನೊಂದ ಅರ್ಧ ಪೇಟೆ ಅಂದೇ ರೋಗ ಗೆಲ್ಲಲೆಂದು ಹರಕೆ ಹೊತ್ತಿತು! ನಾನು ಅಂಗಲಾಚಿದೆ: “ಕಾಕಾ, ಬಳ್ಳೊಳ್ಳಿ ಅರದು ಹಾಕೂಣ್ರಿ.”

“ಹಾಕಿದ್ರ ಗೆದ್ದದ್ದು ಬಳ್ಳೊಳ್ಳಿ ಆಗತೈತಲೇ, ಕೋಳಿ ಅಲ್ಲ.”

ಮರುದಿನದಿಂದ ಕಾಕಾ ಅಂಗಡಿಗೆ ಬರಲಿಲ್ಲ, ಹೊಲದಲ್ಲೇ ಉಳಿದರು. ಬೆಲ್ಲದ ವ್ಯಾಪಾರಿ ದಿನಾ ಅಂಗಡಿಯಲ್ಲಿ ಕೂತ ನನ್ನನ್ನು ನೋಡಿ ನಗುತ್ತಿದ್ದ. ತಡೆಯಲಾಗದೆ ಟಾಂಗಾ ಹಿಡಿದು ಹೋದೆ. ತಿಪ್ಪೆ ಬರಿದು. ಕಂಟಿಯಲ್ಲಿ ಸದ್ದಿಲ್ಲ. ತಲೆ ಎತ್ತಿದರೆ ಹುಣಸಿಕೊಂಬೆಯ ಮೇಲೆ ನಾಲ್ಕಾರು ಕೋಳಿ, ಕತ್ತು ಕೊಂಕಿಸಿ ನನ್ನನ್ನೇ ನೋಡುತ್ತಿವೆ!

“ಕಾಕಾ, ಗೆದ್ರಿ! ಉಳದಾವ್ರಿ!”

ಮರದ ಹಿಂದೆ ಕಾಕಾ ಬೆನ್ನು ಹಾಕಿ ಕೂತಿದ್ದರು. ಮುಂದೆ ಸಾಲಾಗಿ ಸಣ್ಣ ಸಣ್ಣ ಕುಣಿಗಳು. ನಮ್ಮ ಲಿಂಗವಂತರು ಸತ್ತವರನ್ನು ಕುಳಿತ ಭಂಗಿಯಲ್ಲಿ ಕೂಡಿಸಿ, ವಿಭೂತಿ ಹಚ್ಚಿ ಮಣ್ಣು ಕೊಡುತ್ತಾರಷ್ಟೆ. ಕಾಕಾ ಸತ್ತ ಕೋಳಿಗಳನ್ನು ಒಂದೊಂದಾಗಿ ಹಾಗೆಯೇ ಕೂಡಿಸುತ್ತಿದ್ದರು. ಬೆರಳೆಲ್ಲ ವಿಭೂತಿ.

“ಕಾಕಾ, ಯಾರರೆ ನೋಡಿದ್ರ…” ಎಂದೆ.

ಅವರು ತಿರುಗಲಿಲ್ಲ. ಮೂಗು ಒರೆಸಿಕೊಂಡರು.

“ಬಾ, ಕುಂದ್ರು. ಇದರ ಕುತ್ತಿಗಿ ನೆಟ್ಟಗ ಹಿಡಿ. ಬಾಗಾಕತ್ತೈತಿ.”

ನಾನು ಕೂತು ಹಿಡಿದೆ.