ಬೆರಳ ಸಂದಿನ ಬೇಡ

ಚಿತ್ರ ಬರೆಯುವುದು ನನಗೆ ಬರುವುದಿಲ್ಲ. ಬಳ್ಳಾರಿಯ ಕಾನ್ವೆಂಟಿನಲ್ಲಿ ನಾನು ಬರೆದ ಹಸುವನ್ನು ನೋಡಿದ ಡ್ರಾಯಿಂಗ್ ಸಿಸ್ಟರ್, "ವೆರಿ ಗುಡ್ ಟೇಬಲ್, ಚೈಲ್ಡ್" ಎಂದು ಹತ್ತಕ್ಕೆ ಆರು ಹಾಕಿದ್ದರು. ನಾನೂ ತೆಪ್ಪಗೆ ಆರು ಇಸಿದುಕೊಂಡು ಬಂದಿದ್ದೆ. ಅಂಥವಳು ಮುಪ್ಪಿನಲ್ಲಿ ಮೆದುಳು ಓದುವ ಯಂತ್ರಕ್ಕೆ ಚಿತ್ರ ಬರೆದುಕೊಟ್ಟೆ ಎಂದರೆ ನೀವು ನಗುತ್ತೀರಿ. ನಗಿರಿ. ಆ ಚಿತ್ರದ ವಿಷಯದಲ್ಲಿ ನಾನು ಯಾರಿಗೂ 'ಸಾರಿ' ಕೇಳುವವಳಲ್ಲ.

ಹಡಗಲಿಗೆ ಸೊಸೆಯಾಗಿ, ಹೆಣ್ಣುಮಕ್ಕಳ ಶಾಲೆಗೆ ಇಂಗ್ಲಿಷ್ ಟೀಚರ್ ಆಗಿ ನಾನು ಬಂದ ದಿನದಿಂದ ಗೌರಮ್ಮ ನನ್ನ ಪಕ್ಕದ ಮನೆಯವಳು. ಓದಿದ್ದು ನಾಲ್ಕನೆಯ ಕ್ಲಾಸು. ನಲವತ್ತು ವರ್ಷದ ನಮ್ಮ ವಾದಗಳಲ್ಲಿ ಗೆದ್ದದ್ದು ಮಾತ್ರ ಅವಳೇ. ಅಂಥವಳಿಗೆ ಲಕ್ವ ಹೊಡೆಯಿತು. ಕೈಕಾಲು ಹೋದವು, ಮಾತು ಹೋಯಿತು, ರೆಪ್ಪೆಗಳು ತಮ್ಮಷ್ಟಕ್ಕೆ ತಾವೇ ಬಡಿದುಕೊಳ್ಳುತ್ತಿದ್ದುದರಿಂದ ಕಣ್ಸನ್ನೆಯೂ ಇಲ್ಲವಾಯಿತು. ಮಗ ಕೊಟ್ರೇಶ ಮಲ್ಲಿಗೆ ಹೂವಿನ ವ್ಯಾಪಾರಿ, ಕೆಟ್ಟವನಲ್ಲ. ಆದರೆ ತಾಯಿಯ ಮಂಚಕ್ಕೆ ಆತುಕೊಂಡು ನಿಂತೇ ಒಂದು ದಿನ ನನಗೆ ಹೇಳಿದ: "ಅವ್ವಗ ಏನೂ ತಿಳಿಯಂಗಿಲ್ಲರಿ ಟೀಚರ್. ಪಡಸಾಲ್ಯಾಗ ಇಟ್ರೂ ಅಷ್ಟ, ಹಿಂದಿನ ಕೋಣ್ಯಾಗ ಇಟ್ರೂ ಅಷ್ಟ." ಹಿಂದಿನ ಕೋಣೆ ಎಂದರೆ ಹೂವಿನ ಬುಟ್ಟಿ ಒಟ್ಟುವ ಕಿಟಕಿಯಿಲ್ಲದ ಗೂಡು. ಪಡಸಾಲೆಯಿಂದಾದರೆ ಬೀದಿ ಕಾಣುತ್ತದೆ. ಗೌರಿಗೆ ಬೀದಿಯೇ ನ್ಯೂಸ್‌ಪೇಪರ್. ಮಂಗಳವಾರ ಮಂಚ ಸಾಗಿಸುವುದೆಂದು ಗೊತ್ತಾಯಿತು.

ಆ ಭಾನುವಾರ ಗೌರಿಯ ತಮ್ಮನ ಮಗಳು ಶೈಲಾ ಬಂದಳು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಲೆಕ್ಚರರ್, ರಿಸರ್ಚ್ ಮಾಡುವವಳು. ಒಂದು ದಪ್ಪ ಮಾನಿಟರನ್ನೂ ವೈರುಗಳ ಟೊಪ್ಪಿಗೆಯನ್ನೂ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ಮೊದಲ ಅಡ್ಡಿ ತಲೆಯ ಎಣ್ಣೆ. ಕೊಬ್ಬರಿ ಎಣ್ಣೆ ಮೆತ್ತಿದ ತಲೆಯಿಂದ ಸಿಗ್ನಲ್ ಬರುವುದಿಲ್ಲವಂತೆ; ಸೀಗೆಪುಡಿ ಹಾಕಿ ಎರಡು ಸಲ ಉಜ್ಜಿದೆವು. ಪರದೆಯ ಮೇಲೆ ಎರಡು ಚಿತ್ರ: 'ಬೇಕು' ಎನ್ನಲು ಹಸಿರು ಟಿಕ್, 'ಬೇಡ' ಎನ್ನಲು ಕೆಂಪು ಕ್ರಾಸ್. ನಡುನಡುವೆ ಖಾಲಿ ಚೌಕಗಳೂ ಮಿಂಚುತ್ತವೆ. ತನಗೆ ಬೇಕಾದ ಚಿತ್ರ ಮಿಂಚಿದಾಗ ಮೆದುಳು ಸಣ್ಣದೊಂದು ಜಿಗಿತ ಜಿಗಿಯುತ್ತದೆ, ಯಂತ್ರ ಅದನ್ನು ಹಿಡಿಯುತ್ತದೆ.

"ಅತ್ತಿ, ಚಾ ಬೇಕೇನು?" ಜಿಗಿತ ಬಂದದ್ದು ಕ್ರಾಸಿಗೆ. ಆದರೂ ಚಮಚದಲ್ಲಿ ಚಹಾ ಹಾಕಿದರೆ ಸಮಾಧಾನವಾಗಿ ನುಂಗಿದಳು. ಹೋಳಿಗೆಯ ಹೂರಣ ಕೇಳಿದರೂ ಕ್ರಾಸೇ, ಅದನ್ನೂ ಚಪ್ಪರಿಸಿದಳು. ಕೆಂಪು ಬಣ್ಣ ಕಣ್ಣು ಸೆಳೆಯುತ್ತದೇನೋ ಎಂದು ಶೈಲಾ ಕ್ರಾಸನ್ನು ನೀಲಿ ಮಾಡಿದಳು, ಎಡಕ್ಕಿದ್ದದ್ದನ್ನು ಬಲಕ್ಕಿಟ್ಟಳು. ಏನು ಮಾಡಿದರೂ ಬೇಡ, ಬೇಡ, ಬೇಡ. ಕಡೆಗೆ ಅವಳೂ ಮುಖ ಸಣ್ಣದು ಮಾಡಿಕೊಂಡು, ಉತ್ತರಕ್ಕೂ ಇಷ್ಟಕ್ಕೂ ಸಂಬಂಧವೇ ಕಾಣುತ್ತಿಲ್ಲ, ಸಂಜೆಯ ಬಸ್ಸಿಗೆ ಹೊರಡುತ್ತೇನೆ ಎಂದಳು. ನಾನು ಆಗಲೇ ಹೇಳಿದ್ದೆನಲ್ಲ ಎಂಬಂತೆ ಕೊಟ್ರೇಶ ನಿಟ್ಟುಸಿರುಬಿಟ್ಟ.

ಆಗ ಅವನ ಹೆಂಡತಿ ನನ್ನ ತಟ್ಟೆಗೆ ಎರಡನೆಯ ಸಲ ಒಗ್ಗರಣೆ ಮಂಡಕ್ಕಿ ಹಾಕಲು ಬಂದಳು. "ಬ್ಯಾಡವ್ವ, ಸಾಕು" ಎಂದು ತಟ್ಟೆಗೆ ಕೈ ಅಡ್ಡ ಹಿಡಿದೆ. ಅವಳು ಹಾಕಿದಳು. ಮಂಡಕ್ಕಿ ನನ್ನ ಬೆರಳ ಸಂದಿನಿಂದ ಸುಸೂತ್ರವಾಗಿ ತಟ್ಟೆಗೆ ಬಿತ್ತು. ನಾನು ನನ್ನ ಕೈಯನ್ನೇ ನೋಡಿದೆ. ಅಗಲಿಸಿದ ಐದು ಬೆರಳು! ಕನ್ಯಾಸ್ತ್ರೀಯರು ಕಲಿಸಿದ 'ಯೆಸ್ ಪ್ಲೀಸ್' ನಲವತ್ತು ವರ್ಷದಲ್ಲಿ ಈ ಊರಿನ ನೀರಿಗೆ ಕರಗಿಹೋಗಿತ್ತು. ಮೊದಲ ಸಲ ಕೇಳಿದಾಗಲೇ ಬೇಕು ಎನ್ನುವ ಮರ್ಯಾದಸ್ಥ ಹೆಂಗಸು ಹಡಗಲಿಯಿಂದ ಹರಪನಹಳ್ಳಿಯವರೆಗೆ ಒಬ್ಬಳಾದರೂ ಇದ್ದಾಳೆಯೆ? ಅದರಲ್ಲೂ ಗೌರಿ? ಕೊಟ್ಟೂರಿನ ಒಂದು ಮದುವೆಯಲ್ಲಿ ಇವಳು ಬೇಡಬೇಡವೆಂದೇ ಐದು ಹೋಳಿಗೆ ಮುಗಿಸಿದ್ದಕ್ಕೆ ನಾನೇ ಐವಿಟ್ನೆಸ್.

"ಶೈಲಾ, ಇನ್ನೊಂದು ಚಿತ್ರ ಹಾಕು" ಎಂದೆ. ಎಲೆಗೆ ಅಡ್ಡ ಹಿಡಿದ ಕೈ, ಬೆರಳು ಮಾತ್ರ ಬಿಡಿಸಿರಬೇಕು. ಅವಳು ಒಪ್ಪಲಿಲ್ಲ. ಸ್ಟಿಮುಲಸ್, ಅಂದರೆ ಮಿಂಚಿಸುವ ಚಿತ್ರ, ಸಿಂಪಲ್ ಆಗಿರಬೇಕು, ಒಂದು ಚಿತ್ರಕ್ಕೆ ಒಂದೇ ಅರ್ಥ ಇರಬೇಕು ಎಂದು ನನಗೇ ಪಾಠ ಹೇಳಿದಳು.

"ನಿನ್ನ ಸ್ಟಿಮುಲಸ್ ಸಿಂಪಲ್ ಐತಿ, ನಿಮ್ಮತ್ತಿ ಸಿಂಪಲ್ ಇಲ್ಲ. ಯಂತ್ರಕ್ಕ ತಕ್ಕಂಗ ಆಕಿ ಯಾಕ ಬದಲಾಗಬೇಕು? ಯಂತ್ರನ ಬದಲಾಗ್ಲಿ" ಎಂದು ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಗೆ ನನ್ನ ಕೈಯಿಟ್ಟು ಸುತ್ತ ಗೆರೆ ಎಳೆದೆ. ಬಂದದ್ದು ಏಡಿ. ಅಲ್ಲಿದ್ದವರೆಲ್ಲ ಹಾಗೇ ಅಂದರು. ಶೈಲಾ ಹಲ್ಲು ಕಚ್ಚಿಕೊಂಡು ಅದರ ಫೋಟೋ ತೆಗೆದು ಪರದೆಗೆ ಏರಿಸಿದಳು.

ಚಹಾ? ಜಿಗಿತ ಏಡಿಗೆ. ಹೂರಣ? ಏಡಿಗೆ, ಮೊದಲಿಗಿಂತ ಜೋರಾಗಿ. ಬೇವಿನ ಕಷಾಯ? ಕ್ರಾಸು. ಶೈಲಾ ಕುರ್ಚಿಯ ತುದಿಗೆ ಬಂದಳು. ನಾನು ಕೊಟ್ರೇಶನಿಗೆ, ಈಗ ನಿನ್ನದನ್ನೂ ಕೇಳು ಅಂದೆ. ಅವನು ಟವೆಲ್ಲು ಹೆಗಲಿಗೆ ಹಾಕಿಕೊಂಡು ತಾಯಿಯ ಕಿವಿಯ ಹತ್ತಿರ ಬಗ್ಗಿದ.

"ಅವ್ವಾ... ಹಿಂದಿನ ಕೋಣಿಗೆ ಹೋಗ್ತೀಯೇನು?"

ಕ್ರಾಸು. ಮತ್ತೆ ಕೇಳಿದ, ಕ್ರಾಸು. ಮೂರನೆಯ ಸಲ ಕೇಳಹೋಗಿ ಬಿಟ್ಟ. ಮಂಚದ ಕಾಲ ಹತ್ತಿರ ಕುಕ್ಕರಿಸಿ, "ಇಲ್ಲೇ ಇರವ್ವ" ಎಂದ. ಅಂದಿನಿಂದ ಆ ಮನೆಯಲ್ಲಿ ಅವಳ ವಿಷಯ ಏನೇ ಮಾತಾಡುವುದಿದ್ದರೂ ಅಂಗಳಕ್ಕೆ ಹೋಗಿ ಮಾತಾಡುತ್ತಾರೆ. ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದಿದೆ ಹೇಳಿ.

ಗೆದ್ದ ಹುರುಪಿನಲ್ಲಿ ನಾನೂ ಒಂದು ಕೇಳಿದೆ. ಗೌರೀ, ನಾಳೆಯಿಂದ ದಿನಾ ಮಧ್ಯಾಹ್ನ ಬಂದು ಒಂದು ಇಂಗ್ಲಿಷ್ ಕಾದಂಬರಿ ಓದಿ, ಅರ್ಥ ಹೇಳಲೇನು? ಕ್ರಾಸು. ಉಪಚಾರವಿರಬೇಕೆಂದು ಎರಡನೆಯ ಸಲ ಕೇಳಿದೆ. ಕ್ರಾಸು. ಮೂರನೆಯ ಸಲಕ್ಕೂ ಕ್ರಾಸೇ. ಇಡೀ ದಿನದಲ್ಲಿ ಇಷ್ಟು ದೊಡ್ಡ ಜಿಗಿತ ಬಂದೇ ಇರಲಿಲ್ಲ ಎಂದು ಶೈಲಾ ಬೇಡದ ಮಾತು ಬೇರೆ ಸೇರಿಸಿದಳು. ಮೂರು ಸಲ ಬೇಡ ಎಂದರೆ ನಿಜವಾಗಿಯೂ ಬೇಡ ಎಂಬ ಲೆಕ್ಕ ಬೀಗರಿಗೆ, ಪರಸ್ಥಳದವರಿಗೆ. ನಲವತ್ತು ವರ್ಷದ ಗೆಳತಿಯನ್ನು ನಾಲ್ಕನೆಯ ಸಲ ಕೇಳಬೇಕು. ಕೇಳುವಷ್ಟರಲ್ಲಿ ಶೈಲಾಳ ಬಸ್ಸಿನ ಹೊತ್ತಾಗಿ, ಯಂತ್ರ ಪ್ಯಾಕ್ ಆಗಿತ್ತು.

ಈಗ ಹನ್ನೊಂದನೆಯ ಚಾಪ್ಟರ್ ನಡೆದಿದೆ. ಗೌರಿ ಬೀದಿಯ ಕಡೆ ನೋಡುತ್ತ ಕೇಳುತ್ತಾಳೆ.