ರಾಣಿಯ ಉಂಗುರ

ಆ ಭಾನುವಾರ ನಾಗಲಿಂಗನ ವರ್ಗಾವಣೆ ಒಂದು ಇಲಿಯ ಹಿಂಭಾಗದಲ್ಲಿ ಸಿಕ್ಕಿಹಾಕಿಕೊಂಡಿತು.

ಇಲಿ ಎಂದು ಯಾರಾದರೂ ಅಂದರೆ ಪದ್ಮಶ್ರೀ ಮೇಡಂ ಅವರಿಗೆ ಕೆಂಡದಂಥ ಸಿಟ್ಟು. ಅದು ಚಿಂಚಿಲಾ. ಮೇಡಂ ಅವರ ತಮ್ಮ ಎಲ್ಲಿಂದಲೋ ತಂದುಕೊಟ್ಟ ಪರದೇಶಿ ಪ್ರಾಣಿ. ಇಲಿಗಿಂತ ದೊಡ್ಡದು, ಮೊಲಕ್ಕಿಂತ ಚಿಕ್ಕದು, ಬಾಲ ಅಳಿಲಿನದು, ಮುಖದಲ್ಲಿ ಮಾತ್ರ ನಿವೃತ್ತಿಗೆ ಬಂದ ಹೆಡ್‌ಕ್ಲಾರ್ಕನ ಬೇಸರ. ಮೇಡಂ ಜಿಲ್ಲೆಗೇ ದೊಡ್ಡ ಅಧಿಕಾರಿ. ನಾಗಲಿಂಗ ಅದೇ ಇಲಾಖೆಯ ಹುನಗುಂದದ ಶಾಖೆಯಲ್ಲಿ ಗುಮಾಸ್ತ. ಮನೆ ಇರುವುದು ನವನಗರದಲ್ಲಿ, ಹೆಂಡತಿ ಜಯಶ್ರೀ ಅಲ್ಲಿಯೇ ಶಾಲೆಯಲ್ಲಿ ಟೀಚರು. ದಿನಾ ಬಸ್ಸಿನಲ್ಲಿ ಜೋತಾಡಿ ಹೋಗಿ ಬಂದು ಅವನ ಸೊಂಟ ಸೊಂಟವಾಗಿ ಉಳಿದಿರಲಿಲ್ಲ. ನವನಗರಕ್ಕೆ ವರ್ಗ ಮಾಡಿಸಿಕೊಡಿ ಎಂದು ಮೇಡಂ ಅವರ ಮುಂದೆ ಅವನು ಕೈಮುಗಿದು ನಿಂತು ನಿಂತು ಆಫೀಸಿನ ಕಂಬಗಳಲ್ಲಿ ಒಂದಾಗಿಬಿಟ್ಟಿದ್ದ.

ಅಂಥ ಮೇಡಂ ಬೆಳಿಗ್ಗೆ ತಾವಾಗಿಯೇ ಅವನ ಮನೆ ಮುಂದೆ ಕಾರು ನಿಲ್ಲಿಸಿದರು. ಅಣ್ಣನ ಮಗಳ ಮದುವೆಗೆ ಸೀರೆ ತರಲು ಇಳಕಲ್ಲಿಗೆ ಹೊರಟಿದ್ದರು. ರೇಷ್ಮೆ ಅಂಗಡಿಯೊಳಗೆ ಇಂಥ ಪ್ರಾಣಿಯನ್ನು ಯಾರೂ ಬಿಟ್ಟುಕೊಳ್ಳುವುದಿಲ್ಲ.

"ಸಂಜಿತನಕಾ ನಮ್ಮ ರಾಣಿನ್ನ ನೋಡ್ಕೊಳ್ರಿ. ಕೂಲರ್ ಮುಂದ ಇಡ್ರಿ. ನೀರು ಮಾತ್ರ ಮೈಗೆ ತಾಗಿಸಬ್ಯಾಡ್ರಿ, ಅದರ ಜಳಕ ಏನಿದ್ರೂ ಪುಡಿಯಾಗ," ಎಂದು ಪಂಜರ ಕೊಟ್ಟು, ಕಾರು ಹತ್ತುವಾಗ ಸೇರಿಸಿದರು, "ನಿಮ್ಮ ಆರ್ಡರ್ ನಾಳೆ ಮಾಡೂಣಂತ."

ನಾಗಲಿಂಗ ಪಂಜರವನ್ನು ತೇರಿನ ಕಳಸ ಹೊತ್ತಂತೆ ಒಳಗೆ ತಂದ. ಮನೆಯಲ್ಲಿದ್ದ ಒಂದೇ ಕೂಲರು ರಾಣಿಯ ಕಡೆ ತಿರುಗಿತು, ಗಂಡಹೆಂಡಿರು ಬೆವರುತ್ತ ಕುಳಿತರು.

ಮಧ್ಯಾಹ್ನದ ಹೊತ್ತಿಗೆ ರಾಣಿ ಒಣದ್ರಾಕ್ಷಿಯನ್ನೂ ಮೂಸಲಿಲ್ಲ. ಮೂಲೆಯಲ್ಲಿ ಮುದುಡಿ ಕೂತು, ಬಗ್ಗಿ ಬಗ್ಗಿ ಹಿಂಗಾಲುಗಳ ನಡುವೆ ನೆಕ್ಕಿಕೊಳ್ಳತೊಡಗಿತು. ನಾಗಲಿಂಗ ಮೊಬೈಲಿನ ಟಾರ್ಚ್ ಹಾಕಿ ನೋಡಿದ. ಕೆಂಪಗೆ ಏನೋ ಹೊರಗೆ ಬಂದಿತ್ತು.

"ಏನೋ ಹೊರಗ ಬಂದೈತ್ರಿ," ಎಂದಳು ಜಯಶ್ರೀ. "ನನಗಂತೂ ತಿಳಿಯೂದಿಲ್ಲ. ತಾಯವ್ವ ಕಾಕೂನ್ನ ಕರೀತೇನಿ."

ಪಕ್ಕದ ಮನೆಯ ತಾಯವ್ವ ಎಂದರೆ ಓಣಿಯಲ್ಲಿ ಯಾರಿಗೆ ವಾಂತಿಯಾದರೂ ಮೊದಲು ತಿಂಗಳ ಲೆಕ್ಕ ಹಾಕುವ ಹೆಂಗಸು. ಕನ್ನಡಕ ಏರಿಸಿ ಒಮ್ಮೆ ಇಣುಕಿದಳು, ಅಷ್ಟೇ ಸಾಕಾಯಿತು.

"ಬಸರಿ ಐತಿ. ಬ್ಯಾನಿ ಹತ್ತ್ಯಾವ. ಮರಿ ಉಲ್ಟಾ ಐತಿ, ಬಾಲ ಮೊದಲ ಬಂದೈತಿ. ಕೂದಲಾ ಕಾಣವಲ್ಲವೇನು?"

"ಬಸರಿ ಅಂತ ಮೇಡಂ ಹೇಳಿಲ್ರಿ ಕಾಕೂ."

"ನಿಮ್ಮ ಮೇಡಂ ಭಾಳ ಶಾಣ್ಯಾಕಿ. ಚೊಚ್ಚಲ ಹೆರಿಗಿ ಖರ್ಚು ತವರಮನಿಯವರದು ಅಂತ ಹೇಳಿ ನಿನ್ನ ಮನ್ಯಾಗ ಬಿಟ್ಟು ಹೋಗ್ಯಾಳ."

ಹೆಸರು ರಾಣಿ. ಹಾಗಂತ ಇಟ್ಟವರು ಮೇಲಧಿಕಾರಿ. ಅಧಿಕಾರಿಗಳೇ ಹೆಣ್ಣು ಎಂದಮೇಲೆ ಗುಮಾಸ್ತನಾದವನು ಬಾಲ ಎತ್ತಿ ಪರೀಕ್ಷಿಸುವುದುಂಟೇ? ನಾಗಲಿಂಗ ಹೆರಿಗೆಯನ್ನು ಒಪ್ಪಿಕೊಂಡ.

ಅಷ್ಟರಲ್ಲಿ ತಾಯವ್ವನ ಗಂಡ ಚಂದಪ್ಪ ಬಂದ. ಅವನಿಗೆ ಕಿವಿ ಅರ್ಧವೇ ಕೇಳುತ್ತಿತ್ತು, ಉಳಿದರ್ಧವನ್ನು ತಾನೇ ತುಂಬಿಕೊಳ್ಳುತ್ತಿದ್ದ.

"ಏನಿದು ತಮ್ಮಾ, ಘೂಸ್ ಇಲಿ ಏನು?"

"ಚಿಂಚಿಲಾರಿ ಕಾಕಾ."

"ಚಿಂಚಲಿ?" ಚಂದಪ್ಪ ಕಾಲಲ್ಲಿದ್ದ ಚಪ್ಪಲಿ ಅಲ್ಲಿಯೇ ಬಿಟ್ಟ. "ಮಾಯಕ್ಕನ ಚಿಂಚಲಿಯಿಂದ ಬಂದೈತೇನು? ಮೊದಲs ಹೇಳಬಾರದs?"

ಚಿಂಚಲಿ ಮಾಯಕ್ಕ ಅವನ ಮನೆದೇವರು. ಅಲ್ಲಲ್ಲ ಎಂದು ನಾಗಲಿಂಗ ಹೇಳುವುದರೊಳಗೆ ಚಂದಪ್ಪ ಮನೆಗೆ ಹೋಗಿ ತಾಟಿನ ತುಂಬ ಭಂಡಾರ ತಂದ. ದೇವಿಯ ಅರಿಸಿನ ಹಚ್ಚಿದರೆ ಎಂಥ ಕಷ್ಟದ ಹೆರಿಗೆಯೂ ಹೂವಿನ ಹಾಗೆ ಆಗುತ್ತದೆ ಎಂದು ಪಂಜರದ ಬಾಗಿಲು ತೆಗೆದು ತಾಟನ್ನು ಒಳಗೆ ಸರಿಸಿದ.

ರಾಣಿಗೆ ಮಾಯಕ್ಕನೂ ಗೊತ್ತಿಲ್ಲ, ಭಂಡಾರವೂ ಗೊತ್ತಿಲ್ಲ. ಅದಕ್ಕೆ ಗೊತ್ತಿದ್ದದ್ದು ಪುಡಿ ಕಂಡರೆ ಜಳಕ. ಅಷ್ಟು ನೋವಿನಲ್ಲೂ ತಾಟಿನೊಳಗೆ ಹಾರಿ ಬಿದ್ದು ಗಿರಗಿರನೆ ಹೊರಳಿತು. ಕೂಲರಿನ ಗಾಳಿಗೆ ಭಂಡಾರ ಎದ್ದು ನಾಗಲಿಂಗನ ಮೀಸೆ, ಜಯಶ್ರೀಯ ಸೀರೆ, ಗೋಡೆಯ ಕ್ಯಾಲೆಂಡರು ಎಲ್ಲವೂ ಹಳದಿಯಾದವು.

"ದೇವಿ ಮೈದುಂಬ್ಯಾಳ," ಎಂದು ಚಂದಪ್ಪ ಕೈಮುಗಿದು ನಿಂತ. "ಏನಾರ ಕೇಳೂದಿದ್ರ ಈಗ ಕೇಳ್ಕೊರಿ."

ಕೇಳುವುದು ಒಂದೇ ಇತ್ತು, ಅದು ವರ್ಗಾವಣೆ. ಬೂದು ಬಣ್ಣದ ರಾಣಿ ಈಗ ಗಿಣ್ಣಿನ ಹಳದಿ ಬಣ್ಣಕ್ಕೆ ತಿರುಗಿತ್ತು. ತೊಳೆಯೋಣವೆಂದರೆ ನೀರು ತಾಗಿಸುವ ಹಾಗಿಲ್ಲ, ಹಾಗೇ ಬಿಡೋಣವೆಂದರೆ ಪ್ರಾಣವೇ ಹೋದೀತು. ಪ್ರಾಣಿ ಸತ್ತರೆ ಹುನಗುಂದವೇನು, ಅವನನ್ನು ಬೀದರದಾಚೆ ಎಸೆಯುತ್ತಾರೆ. ನಾಗಲಿಂಗನಿಗೆ ಅಳು ಬಂದದ್ದು ಸುಳ್ಳಲ್ಲ. ರಾಣಿಯನ್ನು ಜಯಶ್ರೀಯ ಹೊಸ ರವಿಕೆ ಖಣದಲ್ಲಿ ಸುತ್ತಿ ಬೀದಿಗೆ ಓಡಿದ. ಹಿಂದೆ ಜಯಶ್ರೀ, ಅವಳ ಹಿಂದೆ ತಾಯವ್ವ.

ಮೂಲೆಯಲ್ಲಿ ಅಫ್ಜಲನ ಆಟೋ ನಿಂತಿತ್ತು.

"ಹೆರಿಗಿ ಕೇಸ್ ಐತಿ, ಲಗೂ ಹೊಡಿಯೋ ತಮ್ಮಾ," ಎಂದಳು ತಾಯವ್ವ.

ಅಫ್ಜಲ ಹೆರಿಗೆ ಎಂದರೆ ಎರಡನೇ ಮಾತು ಕೇಳುವವನಲ್ಲ. ಹಾರ್ನ್ ಹೊಡೆಯುತ್ತ, ರಸ್ತೆ ಉಬ್ಬುಗಳನ್ನು ಹಾರಿಸುತ್ತ ನೇರ ಹೆಂಗಸರ ಹೆರಿಗೆ ದವಾಖಾನೆಯ ಬಾಗಿಲಿಗೇ ತಂದು ನಿಲ್ಲಿಸಿದ. ನರ್ಸಮ್ಮ ತಳ್ಳುಗಾಡಿಯನ್ನೇ ತಂದಳು.

"ಪೇಶಂಟ್ ಎಲ್ಲಿ?"

ನಾಗಲಿಂಗ ಖಣದ ಗಂಟನ್ನು ತೋರಿಸಿದ.

"ಆಟೋದಾಗs ಆತೇನ್ರಿ? ಯಾಕ ಕಾಮಣಿ ಆಗೇತಿ, ಇಷ್ಟು ಹಳದಿ?" ಎಂದು ನರ್ಸಮ್ಮ ಖಣದ ಅಂಚು ಸರಿಸಿದಳು. ಗಂಟಿನೊಳಗಿಂದ ಮೀಸೆಯೊಂದು ಹೊರಬಂದು ಅವಳ ಬೆರಳು ಮೂಸಿತು. ಆಮೇಲೆ ಅವಳು ಆಡಿದ ಮಾತನ್ನು ಬರೆಯಲು ಬರುವುದಿಲ್ಲ. ಅಫ್ಜಲ ಆಟೋ ತಿರುಗಿಸಿದ.

ದನದ ದವಾಖಾನೆಯಲ್ಲಿ ಡಾಕ್ಟರ್ ಅಂದಪ್ಪ ಕಲಾದಗಿಯಲ್ಲಿ ಎಮ್ಮೆಯೊಂದರ ಕರು ಎಳೆದು ಬಂದು ಆಗತಾನೇ ರೊಟ್ಟಿ ಬಿಚ್ಚಿದ್ದರು. ಕೈ ತೊಳೆದು, ರಾಣಿಯನ್ನು ಅಂಗಾತ ಮಾಡಿ, ಊದಿ ಕೂದಲು ಸರಿಸಿ ನೋಡಿದರು. ಮೊಬೈಲಿನಲ್ಲಿ ಏನನ್ನೋ ಓದಿದರು. ಮತ್ತೊಮ್ಮೆ ನೋಡಿದರು.

"ಬಾಲ ಮೊದಲ ಬಂದೈತ್ರಿ ಸಾಹೇಬ್ರ," ಎಂದು ತಾಯವ್ವ ನೆನಪಿಸಿದಳು.

"ಇದು ಬಾಲ ಅಲ್ಲಬೇ."

"ಮತ್ತೇನ್ರಿ?"

ಡಾಕ್ಟರು ಜಯಶ್ರೀಯನ್ನು ನೋಡಿದರು, ತಾಯವ್ವನನ್ನು ನೋಡಿದರು, ಕೊನೆಗೆ ಫ್ಯಾನು ನೋಡಿಕೊಂಡು ಹೇಳಿದರು, "ಇದು ರಾಣಿ ಅಲ್ಲ. ರಾಜಾ."

ತಾಯವ್ವ ಗಪ್ಪನೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. ಪರಗಂಡಸನ್ನು ಕನ್ನಡಕ ಏರಿಸಿ ನೋಡಿದೆನಲ್ಲ ಎಂದು ಅವಳಿಗೆ ನಿಜವಾಗಿ ನಾಚಿಕೆಯಾಯಿತು.

"ಈ ಜಾತಿ ಗಂಡಿಗೆ ಇದೊಂದು ತ್ರಾಸು," ಎಂದರು ಡಾಕ್ಟರು. "ಮೈಮ್ಯಾಲಿನ ಕೂದಲಾ ಅಲ್ಲಿ ಉಂಗುರಧಂಗ ಸುತ್ತಕೋತಾವ. ಬಿಗಿ ಆತಂದ್ರ ಒಳಗ ಹೋಗೂದಿಲ್ಲ, ಉಚ್ಚಿ ಕಟ್ಟತೈತಿ, ಜೀವಕ್ಕs ಬರ್ತೈತಿ. ಉಂಗುರಾ ತಗೀಬೇಕು. ನನ್ನದು ಎಮ್ಮಿಗೆ ಪಳಗಿದ ಕೈ. ನಿಮ್ಮದು ಕಾರಕೂನನ ಬೆರಳು, ಸಣ್ಣ ಅದಾವ. ನಾ ಹಿಡೀತೇನಿ, ನೀವು ತಗೀರಿ."

ನಾಗಲಿಂಗ ಅಂಗಿಯ ತೋಳು ಮಡಿಸಿದ. ಡಾಕ್ಟರು ಅವನ ಬೆರಳಿಗೆ ಲೋಳೆಯಂಥ ಔಷಧ ಹಚ್ಚಿದರು.

"ಸಾವಕಾಶ. ಫೈಲಿನ ದಾರ ಬಿಚ್ಚಿದಂಗ ಬಿಚ್ಚರಿ. ಜಗ್ಗಬ್ಯಾಡ್ರಿ."

ಜೀವಮಾನದಲ್ಲಿ ಯಾವ ಫೈಲನ್ನೂ ಅವನು ಅಷ್ಟು ಭಯಭಕ್ತಿಯಿಂದ ಬಿಚ್ಚಿರಲಿಲ್ಲ. ಕಣ್ಣು ಅರ್ಧ ಮುಚ್ಚಿ, ಬಸವಣ್ಣನನ್ನು ನೆನೆಯುತ್ತ ಕೂದಲ ಉಂಗುರವನ್ನು ಜಾರಿಸಿ ಜಾರಿಸಿ ಹೊರತೆಗೆದ. ಸ್ವಲ್ಪ ಹೊತ್ತಿಗೆ ಎಲ್ಲವೂ ತನ್ನ ಜಾಗಕ್ಕೆ ಹೋಯಿತು, ರಾಣಿ ಡಾಕ್ಟರ ಮೇಜಿನ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ದಿತು. ನಾಗಲಿಂಗನಿಗೆ ಗಂಗೆಯೇ ಹರಿದಷ್ಟು ಸಂತೋಷವಾಯಿತು.

"ಮತ್ತ ಆಗಬಹುದು," ಎಂದರು ಡಾಕ್ಟರು. "ವಾರಕ್ಕೊಮ್ಮೆ ಹಿಂಗ ತಗದು ನೋಡಬೇಕು."

ಸಂಜೆ ಸೀರೆಗಳ ಗಂಟಿನೊಂದಿಗೆ ಮೇಡಂ ಬಂದರು. ಹಳದಿ ರಾಣಿಯನ್ನು ನೋಡಿ ಗಂಟನ್ನು ಅಲ್ಲಿಯೇ ಕೆಳಗಿಟ್ಟರು. ಜಯಶ್ರೀ ಚಹಾದ ನೆಪ ಮಾಡಿ ಒಳಗೆ ಹೋದಳು. ನಾಗಲಿಂಗ ನಡೆದದ್ದನ್ನೆಲ್ಲ ಹೇಳಲೇಬೇಕಾಯಿತು. ರಾಣಿ ಗಂಡು ಎಂಬಲ್ಲಿಗೆ ಬಂದಾಗ ನೆಲ ನೋಡಿಕೊಂಡು ಹೇಳಿದ.

ಮೇಡಂ ಬಗ್ಗಿ ಪಂಜರದೊಳಗೆ ನೋಡಿದರು.

"ಉಂಗುರಾ ಡಾಕ್ಟರ್ ತಗದ್ರs?"

ನಾಗಲಿಂಗನಿಗೆ ಅದೃಷ್ಟದ ಬಾಗಿಲು ತೆರೆದದ್ದು ಕಾಣಿಸಿತು. ಎದೆ ಉಬ್ಬಿಸಿ ಒಂದಕ್ಕೆ ಎರಡು ಸೇರಿಸಿದ.

"ನಾನs ತಗದೇನ್ರಿ ಮೇಡಂ. ಡಾಕ್ಟರಿಗೆ ಆಗಲಿಲ್ರಿ. ಈಗ ರಾಣಿ ನನ್ನ ಕೈ ಬಿಟ್ರ ಇನ್ನೊಬ್ಬರ ಕೈಗೆ ಹೋಗೂದs ಇಲ್ಲ ಅಂತೈತ್ರಿ. ವಾರಕ್ಕೊಮ್ಮೆ ಹಿಂಗs ಮಾಡಬೇಕಂತ್ರಿ. ಎಲ್ಲಾರಿಗೂ ಬರೂ ಕೆಲಸ ಅಲ್ರಿ ಅದು."

ಮೇಡಂ ಅವನನ್ನು ಮೊದಲ ಬಾರಿಗೆ ಮನುಷ್ಯನೆಂಬಂತೆ ನೋಡಿದರು. ನಂತರ ಫೋನು ತೆಗೆದು ಆಫೀಸಿನ ಮ್ಯಾನೇಜರಿಗೆ ಹಚ್ಚಿದರು.

"ನಾಗಲಿಂಗ ಅವರನ್ನ ನವನಗರಕ್ಕ ಹಾಕೂ ಆರ್ಡರ್ ನಾಳೆ ಸಹಿಗೆ ಇಡಾವ್ರಿದ್ರಿ ಹೌದಿಲ್ಲ? ಬ್ಯಾಡ, ಹರದು ಒಗೀರಿ."

ಮೇಡಂ ಅವನ ಕಡೆ ತಿರುಗಿ, ಬಹಳ ವರ್ಷಗಳ ಸ್ನೇಹಿತರ ದನಿಯಲ್ಲಿ ಹೇಳಿದರು, "ಹುನಗುಂದಕ್ಕ ನಮ್ಮ ಇಲಾಖೆದು ಹೊಸಾ ದೊಡ್ಡ ಕಚೇರಿ ಆಗೇತಿ, ನನ್ನ ಅಲ್ಲಿಗೇ ಹಾಕ್ಯಾರ. ಹೊಸಾ ಊರಾಗ ಇಂಥ ಕೈ ನಾ ಎಲ್ಲಿ ಹುಡುಕಲಿ?"

ಕಾರು ಹೋಯಿತು. ಜಯಶ್ರೀ ಚಹಾ ಹಿಡಿದು ಹೊರಗೆ ಬಂದಾಗ ನಾಗಲಿಂಗ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಳ್ಳುತ್ತಿದ್ದ.

"ಏನಂದ್ರು ಮೇಡಂ?"

"ಕೆಲಸ ಭಾಳ ಚಲೋ ಮಾಡೀರಿ ಅಂದ್ರು."

"ಮತ್ತ ಆರ್ಡರ್?"

"ಹುನಗುಂದದಾಗs ಇರ್ರಿ ಅಂದ್ರು."

"ಯಾಕಂತ?"

ನಾಗಲಿಂಗ ಚಹಾ ತೆಗೆದುಕೊಂಡ.

"ವಾರಕ್ಕೊಮ್ಮೆ ಉಂಗುರಾ ಬಿಚ್ಚಾಕ."